ಎಕ್ಸ್‌ಪೋರ್ಟೂ ಬೆಳೀಬೇಕು, ಹೊಳೆನೂ ಉಳೀಬೇಕು ಅಂದ್ರೆ ಆಗುತ್ತಾ?

ಪ್ರಶ್ನೆ: ಫಾರಿನ್ ಆರ್ಡರ್ ಬಂದು ಫ್ಯಾಕ್ಟರಿ ಜಾಸ್ತಿ ಆದ್ರೆ ಪರಿಸರ ಹಾಳಾಗ್ಲೇಬೇಕಾ? ಬೇರೆ ದಾರಿನೇ ಇಲ್ವಾ?

ಇದೆ, ಆದ್ರೆ ಪುಕ್ಕಟೆ ಸಿಗಲ್ಲ. ತಿರುಪ್ಪೂರನ್ನೇ ತಗೊಳ್ಳಿ, ನಮ್ಮ ಗಡಿ ದಾಟಿದ್ರೆ ಹೆಚ್ಚು ದೂರ ಏನಿಲ್ಲ, ಟಿ-ಶರ್ಟು ಬನೀನು ಅಂದ್ರೆ ಅದೇ ಊರು. ಹತ್ತಿ ಬಟ್ಟೆಗೆ ಬಣ್ಣ ಹಿಡಿಸೋಕೆ ಡೈ ಜೊತೆ ರಾಶಿಗಟ್ಲೆ ಉಪ್ಪು ಹಾಕ್ತಾರೆ. ಬಣ್ಣ ಬಟ್ಟೆ ಜೊತೆ ಯುರೋಪು, ಅಮೆರಿಕಾ ಸೇರುತ್ತೆ, ಉಪ್ಪು ಮಾತ್ರ ಇಲ್ಲೇ ನೀರಲ್ಲಿ ಉಳಿಯುತ್ತೆ. ಆ ನೀರನ್ನ ವರ್ಷಾನುಗಟ್ಲೆ ನೊಯ್ಯಲ್ ಹೊಳೆಗೆ ಬಿಟ್ರು (ನೊಯ್ಯಲ್ ಕೊನೆಗೆ ಸೇರೋದು ಕಾವೇರಿಗೇ). ರೈತರ ಹೊಲಕ್ಕೆ ಅಂತ 1992ರಲ್ಲಿ ಕಟ್ಟಿದ ಒರತ್ತುಪಾಳಯಂ ಡ್ಯಾಮು ಡೈಯಿಂಗ್ ನೀರಿನ ತೊಟ್ಟಿ ಆಗೋಯ್ತು, ನೀರಿಗೆ ಕಾಯ್ತಿದ್ದ ರೈತರೇ ಕೋರ್ಟ್ ಮೆಟ್ಟಿಲು ಹತ್ತಿದ್ರು, ಕೊನೆಗೆ 2011ರ ಜನವರಿಲಿ ಮದ್ರಾಸ್ ಹೈಕೋರ್ಟ್ ಡೈಯಿಂಗ್ ಯೂನಿಟ್‌ಗಳನ್ನ ಮುಚ್ಚಿಸ್ತು. ಒಂದು ಹನಿನೂ ಹೊರಗೆ ಬಿಡಲ್ಲ ಅಂತ ತೋರಿಸಿದ್ರೆ ಮಾತ್ರ ಮತ್ತೆ ತೆಗೀಬಹುದು ಅಂತಾಯ್ತು.

ಕಥೆ ಅಲ್ಲಿಗೆ ಸುಖಾಂತ್ಯ ಅನ್ಕೋಬೇಡಿ, ನನಗೆ ಇಂಟರೆಸ್ಟಿಂಗ್ ಅನ್ಸೋದು ಇದರ ಮುಂದಿಂದು. ಉಪ್ಪುನೀರು ಮಾಮೂಲಿ ಟ್ರೀಟ್‌ಮೆಂಟಿಗೆ ಬಗ್ಗಲ್ಲ. ಮೊದಲು ಆರ್‌ಓ, ನಮ್ಮನೆ ಫಿಲ್ಟರ್ ಥರದ್ದೇ ಆದ್ರೆ ದೊಡ್ಡದು, ಜೋರು ಪ್ರೆಶರ್ ಬೇಕು, ಅಂದ್ರೆ ಕರೆಂಟ್. ಅದಾದ್ಮೇಲೆ ಉಳಿಯೋ ಗಟ್ಟಿ ಉಪ್ಪುನೀರನ್ನ ಕುದಿಸಿ ಕುದಿಸಿ ಆವಿ ಮಾಡಿ ಉಪ್ಪು ಬೇರೆ ಮಾಡ್ಬೇಕು, ಅದಕ್ಕೆ ಬಾಯ್ಲರ್ ಉರೀತಾನೇ ಇರ್ಬೇಕು. ಹೊಳೆ ಉಳಿಸೋಕೆ ಹೋಗಿ ಸೌದೆ, ಕಲ್ಲಿದ್ದಲು ಸುಡೋ ಹಾಗಾಯ್ತು ನೋಡಿ.

ತಿರುಪ್ಪೂರಿನವರಿಗೆ ಒಂದು ಅದೃಷ್ಟ ಇದೆ, ಪಾಲಕ್ಕಾಡ್ ಕಣಿವೆಯಿಂದ ನುಗ್ಗೋ ಗಾಳಿ. ಅಲ್ಲಿನ ಎಷ್ಟೋ ಮಿಲ್‌ನವರು ಸ್ವಂತ ಗಾಳಿಯಂತ್ರ ಹಾಕ್ಸಿದ್ದಾರೆ. ಅದರ ಕರೆಂಟಲ್ಲಿ ಪಂಪು ಮೋಟ್ರು ಎಲ್ಲಾ ಓಡುತ್ತೆ, ಬಾಯ್ಲರ್‌ಗೆ ಮಾತ್ರ ಈಗ್ಲೂ ಬೆಂಕಿನೇ. ಅದಕ್ಕೇ ನಾನು ಹೇಳೋದು, ಎಕ್ಸ್‌ಪೋರ್ಟ್ ಎಷ್ಟು ಅನ್ನೋದಕ್ಕಿಂತ ಆ ಶಾಖ ಎಲ್ಲಿಂದ ಬರುತ್ತೆ, ಅದರ ಬಿಲ್ ಯಾರು ಕಟ್ತಾರೆ ಅಂತ ಕೇಳಿ. ಯುರೋಪಿನವರು 2026ರಿಂದ ಸ್ಟೀಲು, ಸಿಮೆಂಟು, ಅಲ್ಯೂಮಿನಿಯಂ ಥರದ ಮಾಲಿಗೆ ಅದನ್ನ ಮಾಡುವಾಗ ಬಂದ ಕಾರ್ಬನ್ ಲೆಕ್ಕ ಹಿಡಿದು ದುಡ್ಡು ಕಟ್ಬೇಕು ಅಂತ ಮಾಡಿದ್ದಾರೆ. ಟಿ-ಶರ್ಟು ಆ ಪಟ್ಟಿಲಿಲ್ಲ, ಹಾಗಾಗಿ ಸದ್ಯಕ್ಕೆ ಆ ಶಾಖದ ಬಿಲ್ಲು ತಿರುಪ್ಪೂರಿನ ಡೈಯಿಂಗ್ ಮಾಲೀಕನ ಟೇಬಲ್ ಮೇಲೇ ಇದೆ, ಅವನೋ ಬಯರ್ ಹತ್ರ ಒಂದೆರಡು ರೂಪಾಯಿಗೆ ಚೌಕಾಸಿ ಮಾಡ್ತಾ ಕೂತಿದಾನೆ.