ಸವೆದ ಲೆದರ್ ಸೀಟು: ಕಂಡಿಷನರ್ ಮೊದಲಾ, ಬಣ್ಣ ಮೊದಲಾ?

ಮೊದಲು ನೋಡಬೇಕಾದ್ದು ಸೀಟು ನಿಜಕ್ಕೂ ಚರ್ಮದ್ದೇನಾ ಅಂತ. ಎಷ್ಟೋ ಕಾರುಗಳಲ್ಲಿ ‘ಲೆದರೆಟ್’ ಅಂತ ಬರುವುದು ರೆಕ್ಸಿನ್ ಜಾತಿಯದ್ದು, ಬಟ್ಟೆಯ ಮೇಲೆ ಪ್ಲಾಸ್ಟಿಕ್ ಪದರ. ಅದಕ್ಕೆ ಕಂಡಿಷನರ್, ಅಂದರೆ ಚರ್ಮ ಮೆತ್ತಗಿಡಲು ಹಚ್ಚುವ ಎಣ್ಣೆಯಂಶದ ಕ್ರೀಮ್, ಹಚ್ಚಿದರೆ ಆಮೇಲೆ ಒರೆಸಿ ತೆಗೆಯುವ ಕೆಲಸ ಜಾಸ್ತಿ, ಅಷ್ಟೇ. ಲೆದರ್ ಸೀಟು ಅಂತ ಹೇಳಿ ಮಾರಿದ ಕಾರಿನಲ್ಲೂ ಮೈ ತಾಗುವ ಭಾಗ ಮಾತ್ರ ಚರ್ಮ, ಪಕ್ಕ ಮತ್ತು ಹಿಂಬದಿ ರೆಕ್ಸಿನ್ ಇರುವುದು ಮಾಮೂಲು. ಹಾಗಾಗಿ ಸೀಟಿನ ಒಂದೊಂದು ಭಾಗವನ್ನೂ ಬೇರೆ ಬೇರೆಯಾಗಿ ನೋಡಿ.

ನನಗೆ ಬಹಳ ಕಾಲ ತಲೆಗೆ ಹೋಗದೇ ಇದ್ದದ್ದು ಇದು: ಕಂಡಿಷನರ್ ಹಚ್ಚಿದ ತಕ್ಷಣ ಸೀಟು ಕಪ್ಪಗೆ, ಚೆಂದ ಕಾಣುತ್ತದೆ. ಮರುವಾರ ಮತ್ತೆ ಅದೇ ಬೂದು ಕಲೆ. ಯಾಕೆ? ಚರ್ಮಕ್ಕೆ ಬಣ್ಣ ಕೊಡುವುದರಲ್ಲಿ ಎರಡು ಬಗೆ. ಒಂದು ಗೋರಂಟಿಯಂತೆ ಒಳಗೆ ಇಳಿಯುವುದು, ಇನ್ನೊಂದು ನೇಲ್ ಪಾಲಿಶ್‌ನಂತೆ ಮೇಲೆ ಕೂರುವುದು. ಕಾರಿನ ಸೀಟುಗಳಲ್ಲಿ ಬಹುಪಾಲು ಎರಡನೆಯ ಬಗೆ. ಕೆಳಗೆ ಸುಮಾರು 1 ಮಿ.ಮೀ. ದಪ್ಪದ ಚರ್ಮ, ಅದರ ಮೇಲೆ ಬಣ್ಣದ ತೆಳು ಪದರ, ಅದಕ್ಕೂ ಮೇಲೆ ಪಾರದರ್ಶಕ ಪಾಲಿಯುರೆಥೇನ್ ಪದರ. ಹತ್ತಿ ಇಳಿಯುವಾಗ ತೊಡೆ ಉಜ್ಜುವ ಕಡೆ, ಅಂದರೆ ಡ್ರೈವರ್ ಸೀಟಿನ ಬಲಗಡೆ ಉಬ್ಬಿನಲ್ಲಿ, ಸವೆದು ಹೋಗುವುದು ಈ ಮೇಲಿನ ಎರಡು ಪದರ. ಕಂಡಿಷನರ್‌ನಲ್ಲಿ ಬಣ್ಣವೇ ಇಲ್ಲ. ಪದರ ಹೋದ ಚರ್ಮದ ಬರಿಯ ನಾರು ಒದ್ದೆಯಾದಾಗ ಕಪ್ಪಾಗಿ ಕಾಣುತ್ತದಲ್ಲ, ನಾವು ಖುಷಿಪಡುವುದು ಅದನ್ನು ನೋಡಿ.

ಈಗ ಶೀರ್ಷಿಕೆಯ ಪ್ರಶ್ನೆ. ಬಣ್ಣ ಮೊದಲು, ಕಂಡಿಷನರ್ ಆಮೇಲೆ. ಎಣ್ಣೆ ಇರುವ ಜಾಗಕ್ಕೆ ನೀರಿನ ಬಣ್ಣ ಕಚ್ಚುವುದಿಲ್ಲ. ಹಿಂದಿನ ವರ್ಷಗಳಲ್ಲಿ ಹಚ್ಚಿದ ಕೊಬ್ಬರಿ ಎಣ್ಣೆ, ಡ್ಯಾಶ್‌ಬೋರ್ಡ್‌ಗೆ ಹೊಡೆಯುವಾಗ ಸೀಟಿಗೂ ಸಿಡಿದ ಸಿಲಿಕೋನ್ ಪಾಲಿಶ್, ಮೈಬೆವರು, ಎಲ್ಲಾ ಅಲ್ಲೇ ಕೂತಿರುತ್ತದೆ. ಮುಂಬೈನ ಕುರ್ಲಾದಲ್ಲಿ ಸೀಟಿನ ಕೆಲಸ ಮಾಡುವ ವಿಜಯಪುರದ ಕಾಕಾ ಒಬ್ಬರು ಹೇಳಿದ್ದು: “ಬಣ್ಣ ಹಚ್ಚೂದು ಅರ್ಧ ತಾಸಿನ ಕೆಲಸ ತಮ್ಮಾ, ತೊಳೆಯೂದು ದಿನಪೂರ್ತಿ.”

ತೊಳೆಯುವುದಕ್ಕೆ ಲೆದರ್ ಕ್ಲೀನರ್, ಮೃದುವಾದ ಬ್ರಷ್. ಬಟ್ಟೆ ಸೋಪು ಬೇಡ. ಚರ್ಮ ಸ್ವಲ್ಪ ಆಮ್ಲದ ಕಡೆ ಇರುತ್ತದೆ, ಪಿಎಚ್ ಸುಮಾರು 3.5ರಿಂದ 5. ಸೋಪು 9, 10ರ ಹತ್ತಿರ, ಅಂದರೆ ಕ್ಷಾರದ ಕಡೆ. ನೊರೆಯನ್ನು ಬ್ರಷ್‌ಗೆ ಹಾಕಿ, ಸೀಟಿಗೆ ಸುರಿಯಬೇಡಿ. ತಿಳಿ ಬಣ್ಣದ ಸೀಟಿನಲ್ಲಿ ಜೀನ್ಸ್‌ನ ನೀಲಿ ಹತ್ತಿದ್ದರೆ ಅದನ್ನೂ ಈಗಲೇ ತೆಗೆಯಿರಿ, ಇಲ್ಲದಿದ್ದರೆ ಹೊಸ ಬಣ್ಣದ ಮೂಲಕ ಮೇಲೆ ಬರಬಹುದು. ಒಣಗಿದ ಮೇಲೆ 800 ನಂಬರಿನ ಉಪ್ಪು ಕಾಗದದಿಂದ ಮೆಲ್ಲಗೆ ಉಜ್ಜಿ. ಮುಂಬೈ ಅಂಗಡಿಯಲ್ಲಿ ಪಾಲಿಶ್ ಪೇಪರ್ ಅಂತ ಕೇಳಿದರೆ ಕೊಡುತ್ತಾರೆ. ಹೊಳಪು ಹೋಗಿ ಮಂಕಾಗುವಷ್ಟು ಸಾಕು. ಆಮೇಲೆ ಎಣ್ಣೆ ತೆಗೆಯಲು ಐಸೋಪ್ರೊಪೈಲ್ ಆಲ್ಕೊಹಾಲ್ (ಒಂದು ಬಗೆಯ ಸ್ಪಿರಿಟ್) ಹಾಕಿದ ಬಿಳಿ ಬಟ್ಟೆ. ಅದರಲ್ಲಿ ಒರೆಸುತ್ತಾ ಹೋಗಿ, ಬಟ್ಟೆ ತಿರುಗಿಸುತ್ತಾ ಹೋಗಿ.

ಎಷ್ಟು ಒರೆಸಿದರೆ ಸಾಕು? ನನ್ನ ಮೆಚ್ಚಿನ ಉಪಾಯ ಇಲ್ಲೇ ಇದೆ. ಬೆರಳ ತುದಿಯಿಂದ ತೆಳ್ಳಗೆ ನೀರು ಸವರಿ. ನೀರು ಒಂದೇ ಸಮ ಹರಡಿ ನಿಂತರೆ ಎಣ್ಣೆ ಹೋಗಿದೆ. ಹನಿಹನಿಯಾಗಿ ಒಡೆದು ಹಿಂದೆ ಸರಿದರೆ ಇನ್ನೂ ಉಳಿದಿದೆ, ಮತ್ತೆ ಒರೆಸಿ. ಗೊಂದಲ ಆಗುವುದು ಇಲ್ಲಿ: ಇದೇ ನೀರಿನ ಹನಿ ಕೆಲಸಕ್ಕೆ ಮುಂಚೆ ಬೇರೆಯೇ ಸುದ್ದಿ ಹೇಳುತ್ತದೆ. ಉಜ್ಜುವ ಮೊದಲು ಹನಿ ಗುಂಡಗೆ ನಿಂತರೆ ಸಾಮಾನ್ಯವಾಗಿ ಮೇಲಿನ ಪದರ ಗಟ್ಟಿ ಇದೆ ಎಂದರ್ಥ, ಅಲ್ಲಿಗೆ ಬಣ್ಣ ಬೇಕಾಗಿಲ್ಲ. ಒಳಗೆ ಇಳಿದು ಕಪ್ಪಾದರೆ ಪದರ ಸವೆದಿದೆ. ಉಜ್ಜಿದ ಮೇಲೆ ಗುಂಡಗೆ ನಿಂತರೆ ಅದು ಎಣ್ಣೆಯ ಆಟ. ಮೊದಲ ಸಲ ಗುಂಡು ಹನಿ ಒಳ್ಳೆಯದು, ಎರಡನೇ ಸಲ ಕೆಟ್ಟದ್ದು. ನೀರು ಪೂರ್ತಿ ಆರಿದ ಮೇಲೇ ಮುಂದಿನ ಹಂತ.

ಬಿರುಕಿದ್ದರೆ ಅದನ್ನು ತುಂಬುವ ಪೇಸ್ಟ್, ಅಂದರೆ ಫಿಲ್ಲರ್, ತೆಳುವಾಗಿ, ಒಣಗಿಸಿ ಉಜ್ಜಿ, ಮತ್ತೆ ತೆಳುವಾಗಿ. ಒಂದು ಎಚ್ಚರಿಕೆ: ಸೀಟಿನೊಳಗೆ ಸೈಡ್ ಏರ್‌ಬ್ಯಾಗ್ ಇರುವ ಕಾರಾದರೆ ಬಾಗಿಲ ಕಡೆಯ ಹೊಲಿಗೆಗೆ ಫಿಲ್ಲರ್, ಅಂಟು ಮುಟ್ಟಿಸಲೇಬೇಡಿ. ಏರ್‌ಬ್ಯಾಗ್ ಆ ಹೊಲಿಗೆ ಹರಿದುಕೊಂಡೇ ಹೊರಬರಬೇಕು.

ಬಣ್ಣ: ಲೆದರ್‌ಗೆಂದೇ ಬರುವ ನೀರಿನ ಪಿಗ್ಮೆಂಟ್ ಬಣ್ಣ, ಅಂದರೆ ಮೇಲೆ ಕೂರುವ ಬಗೆಯದು. ಬೂಟ್ ಪಾಲಿಶ್ ಬೇಡ, ಪ್ಯಾಂಟಿಗೆ ಹತ್ತುತ್ತದೆ. ಶೇಡ್ ಹೊಂದಿಸುವಾಗ ಒಣಗಿದ ಮೇಲೇ ತೀರ್ಮಾನ ಮಾಡಿ, ಹಸಿ ಬಣ್ಣ ಮತ್ತು ಒಣಗಿದ ಬಣ್ಣ ಒಂದೇ ಥರ ಇರುವುದಿಲ್ಲ. ಉಬ್ಬಿಗೆ ಮಾತ್ರ ಹಚ್ಚುವುದಾದರೆ ಸೀಟಿನ ಈಗಿನ, ಮಾಸಿದ ಬಣ್ಣಕ್ಕೆ ಹೊಂದಿಸಿ, ಕಂಪನಿಯಿಂದ ಬಂದಾಗ ಇದ್ದದ್ದಕ್ಕಲ್ಲ. ಕೈ ಪಳಗಿಸಲು ಧಾರಾವಿಯ ಚರ್ಮದ ಅಂಗಡಿಗಳಲ್ಲಿ ತುಂಡು ಸಿಕ್ಕರೆ ತನ್ನಿ. ಸ್ಪಂಜಿನಿಂದ ತಟ್ಟಿ ತಟ್ಟಿ ತೆಳು ಪದರ, ಹೇರ್ ಡ್ರೈಯರ್‌ನಿಂದ ಆರಿಸಿ, ಮತ್ತೊಂದು. ದಪ್ಪಗೆ ಬಳಿದರೆ ಮೊದಲ ಮಡಿಕೆಯಲ್ಲೇ ಒಡೆಯುತ್ತದೆ. ತೂತು ತೂತಿನ ಸೀಟಾದರೆ ಸ್ಪಂಜು ಬಹುತೇಕ ಒಣಗಿದಂತೆ ಇರಲಿ, ತೂತು ಮುಚ್ಚಬಾರದು.

ಕೊನೆಗೆ ಮ್ಯಾಟ್ ಟಾಪ್‌ಕೋಟ್, ಅಂದರೆ ಹೊಳಪಿಲ್ಲದ ಪಾರದರ್ಶಕ ಮೇಲ್ಪದರ. ಇದನ್ನು ಬಿಟ್ಟರೆ ಬಣ್ಣ ಉಜ್ಜಿ ಹೋಗುತ್ತದೆ.

ಮುಂಬೈ, ಠಾಣೆಯ ಕಡೆ ಜುಲೈನಲ್ಲಿ ಈ ಕೆಲಸಕ್ಕೆ ಇಳಿಯಬೇಡಿ. ಗಾಳಿಯ ತೇವ ಶೇ. 80 ದಾಟಿರುತ್ತದೆ, ಮೇಲೆ ಆರಿದಂತೆ ಕಂಡರೂ ಅಡಿಯ ಪದರ ಹಸಿ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಹಚ್ಚಿದ ಮೇಲೆ ಒಂದು ದಿನ ಕೂರಬೇಡಿ, ಒಂದು ವಾರ ಒದ್ದೆ ಬಟ್ಟೆಯಲ್ಲೂ ಒರೆಸಬೇಡಿ. ಕಂಡಿಷನರ್‌ನ ಸರದಿ ಅದಾದ ಮೇಲೆ. ಮೂರು ನಾಲ್ಕು ತಿಂಗಳಿಗೊಮ್ಮೆ, ಬಟ್ಟೆಗೆ ಚೂರು ಹಾಕಿ ಸವರಿ, ಉಳಿದದ್ದನ್ನು ಒರೆಸಿಬಿಡಿ. ಮಳೆಗಾಲದಲ್ಲಿ ಅದೂ ಬೇಡ, ಕಾರು ನಿಂತಲ್ಲೇ ನಿಂತರೆ ಬೂಷ್ಟು ಬರುತ್ತದೆ.