ಸುರ್ಕಿ ಹೋಯಿತು, ಹಾರುಬೂದಿ ಬಂತು

1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾದಾಗ ನಮ್ಮ ದೇಶದ ಸಿಮೆಂಟ್ ಉದ್ಯಮ ಇನ್ನೂ ಕಣ್ಣು ಬಿಡುತ್ತಿತ್ತಷ್ಟೆ. ಅಲ್ಲಿ ಕಲ್ಲಿಗೆ ಕಲ್ಲು ಬೆಸೆದದ್ದು ಸುರ್ಕಿ ಗಾರೆ. ಸುಣ್ಣಕ್ಕೆ ಸುಟ್ಟ ಇಟ್ಟಿಗೆಯ ಪುಡಿ ಬೆರೆಸಿ ಅರೆದ ಗಾರೆ ಅದು. ಬರಿಯ ಸುಣ್ಣ ಗಾಳಿ ತಾಗಿದರೆ ಮಾತ್ರ ಬಿಗಿಯುತ್ತದೆ, ನೀರೊಳಗೆ ನಿಲ್ಲದು. ಹದವಾಗಿ ಸುಟ್ಟ ಮಣ್ಣಿನ ಸಿಲಿಕಾ, ಅಲ್ಯುಮಿನಾ ಅದರ ಜೊತೆ ಕೂಡಿದಾಗ ನೀರಲ್ಲೂ ಗಟ್ಟಿಯಾಗುವ ಅಂಟು ಹುಟ್ಟುತ್ತದೆ.

ಆಮೇಲೆ ಸಿಮೆಂಟ್ ಬಂತು, ಸುರ್ಕಿ ಮೂಲೆಗೆ ಬಿತ್ತು. ಆದರೆ ಸಿಮೆಂಟ್ ನೀರು ಕುಡಿದು ಗಟ್ಟಿಯಾಗುವಾಗ ಒಂದಷ್ಟು ಸುಣ್ಣವನ್ನು ಒಳಗೇ ಉಳಿಸುತ್ತದೆ. 1985ರಿಂದ ರಾಯಚೂರಿನ ಶಾಖೋತ್ಪನ್ನ ಸ್ಥಾವರ ಕಲ್ಲಿದ್ದಲು ಸುಟ್ಟು ಹೊರಹಾಕುತ್ತಿರುವಂಥ ಹಾರುಬೂದಿ ಹಿಡಿಯುವುದು ಆ ಸುಣ್ಣವನ್ನೇ. ಅಂದರೆ ಸುರ್ಕಿ ಮಾಡುತ್ತಿದ್ದ ಕೆಲಸ! ನನಗೆ ಈ ಕಥೆಯಲ್ಲಿ ಅತ್ಯಂತ ಚೆಂದ ಕಾಣುವುದು ಇದು.

ಹಾರುಬೂದಿ ಬೆರೆಸಿ ಮಾಡಿದ ಪಿಪಿಸಿ ಸಿಮೆಂಟಿನಲ್ಲಿ ಆ ಬೂದಿ ಶೇ 15ರಿಂದ 35ರವರೆಗೆ ಇರಬಹುದು. ಬೂದಿಯ ಕಣ ಗುಂಡಗಿರುವುದರಿಂದ ಕಲಸಿದ್ದು ಕಡಿಮೆ ನೀರಿಗೇ ಜಾರುತ್ತದೆ. ಒಳಗಿನ ಬಿಸಿ ತಗ್ಗುತ್ತದೆ, ಸೂಕ್ಷ್ಮರಂಧ್ರಗಳು ಮುಚ್ಚಿ ನೀರು, ಉಪ್ಪು ಒಳಗಿಳಿಯುವುದು ಕಷ್ಟವಾಗುತ್ತದೆ. ಆದರೆ ಬಲ ನಿಧಾನಕ್ಕೆ ಬರುತ್ತದೆ. ಮೊದಲ ವಾರ ಹಿಂದುಳಿದರೂ ತಿಂಗಳುಗಳ ಮೇಲೆ ಮುಂದೆ ಹೋಗಬಹುದು. ಕಬ್ಬಿಣ ಕರಗಿಸುವ ಊದುಕುಲುಮೆಯ ಕಿಟ್ಟವನ್ನು ನುಣ್ಣಗೆ ಅರೆದು ಹಾಕಿದರೂ ಹೆಚ್ಚುಕಡಿಮೆ ಹೀಗೆಯೇ.

ಈ ನಿಧಾನವನ್ನು ಲೆಕ್ಕಕ್ಕೆ ಹಿಡಿಯದಿರುವುದೇ ತಪ್ಪು. ಕಾಂಕ್ರೀಟ್ ಕೆಲಸದ ಭಾರತೀಯ ಮಾನಕವಾದ ಐಎಸ್ 456 ಸಂಹಿತೆ ಸಾಮಾನ್ಯ ಸಿಮೆಂಟಿಗೆ (ಓಪಿಸಿ) ಕನಿಷ್ಠ 7 ದಿನ, ಬೂದಿ ಅಥವಾ ಕಿಟ್ಟ ಬೆರೆತದ್ದಕ್ಕೆ ಕನಿಷ್ಠ 10 ದಿನ ಕ್ಯೂರಿಂಗ್, ಅಂದರೆ ಒಣಗದಂತೆ ಒದ್ದೆಯಾಗಿಡುವುದನ್ನು, ಕೇಳುತ್ತದೆ. ತಾರಸಿಗೆ ಪಾತಿ ಕಟ್ಟಿ ನೀರು ನಿಲ್ಲಿಸುವವರು ಚೀಲದ ಮೇಲೆ ಓಪಿಸಿಯೋ ಪಿಪಿಸಿಯೋ ಎಂದು ನೋಡುವುದು ಅಪರೂಪ. ನಾಲ್ಕನೇ ದಿನಕ್ಕೆ ನೀರು ಆರಿದರೆ ಬೂದಿ ಅರ್ಧ ಕೆಲಸದಲ್ಲೇ ನಿಂತುಬಿಡುತ್ತದೆ.

ಮರಳಿನ ಕಥೆ ಬೇರೆ. ಹೊಳೆಯ ಮರಳು ತಿಕ್ಕಿ ತಿಕ್ಕಿ ದುಂಡಾದದ್ದು. ಅದು ಸಿಗದಾಗ ಬಂದ ಎಂ-ಸ್ಯಾಂಡ್ ಬಂಡೆಯನ್ನು ಪುಡಿಮಾಡಿದ್ದು. ಅದರ ಮೂಲೆಗಳು ಚೂಪು, ನುಣುಪು ಪುಡಿಯೂ ಹೆಚ್ಚು, ಹಾಗಾಗಿ ಅದು ಹೆಚ್ಚು ನೀರು ಬೇಡುತ್ತದೆ. ಗಾರೆ ಗಟ್ಟಿಯೆನಿಸಿ ಇನ್ನೊಂದು ಬಕೆಟ್ ನೀರು ಸುರಿದರೆ ಬಲ ಕುಸಿಯುತ್ತದೆ. ಸಿಮೆಂಟಿಗೆ ನೀರಿನ ಪ್ರಮಾಣ ಹೆಚ್ಚಿದಷ್ಟೂ ಬಲ ಇಳಿಯುತ್ತದೆಂದು ಅಮೆರಿಕದ ಡಫ್ ಅಬ್ರಾಮ್ಸ್ 1918ರಲ್ಲೇ ತೋರಿಸಿದ್ದರು. ಮೇಸ್ತ್ರಿಯನ್ನು ದೂರಿ ಫಲವಿಲ್ಲ, ಅವರ ಕೈ ಹದ ಕಲಿತದ್ದು ಹೊಳೆಯ ಮರಳಿನಲ್ಲಿ. ಮರಳು ಬದಲಿಸಿದ ದಿನವೇ ಹೊಸ ಅಳತೆಯನ್ನೂ ಅವರ ಕೈಗೆ ಕೊಡಬೇಕಿತ್ತು.