ಬ್ರೇಕ್ ಆಯಿಲ್ ಕಮ್ಮಿಯಾಗಿಲ್ಲ, ಆದರೂ ಬದಲಾಯಿಸಬೇಕಾ?

ಪ್ರಶ್ನೆ: ಕಾರಿಗೆ ಮೂರು ವರ್ಷ. ಬ್ರೇಕ್ ಆಯಿಲ್ ಮ್ಯಾಕ್ಸ್ ಗೆರೆಯ ಹತ್ತಿರವೇ ಇದೆ, ಲೀಕ್ ಕೂಡ ಇಲ್ಲ. ಸರ್ವಿಸ್‌ನವರು ಪೂರ್ತಿ ಬದಲಾಯಿಸಬೇಕು ಅನ್ನುತ್ತಾರೆ. ಸುಮ್ನೆ ಬಿಲ್ ಏರಿಸೋಕಾ?

ಉತ್ತರ: ಈ ವಿಷಯದಲ್ಲಿ ಅವರ ಮಾತು ಕೇಳಿ. ಆಯಿಲ್ ಎಷ್ಟಿದೆ ಅನ್ನುವುದನ್ನು ಗೆರೆ ಹೇಳುತ್ತದೆ. ಅದಕ್ಕೆ ಎಷ್ಟು ನೀರು ಸೇರಿದೆ ಅನ್ನುವುದನ್ನು ಹೇಳುವುದಿಲ್ಲ. ಬ್ರೇಕ್ ಆಯಿಲ್‌ನ ದರ್ಜೆಗಳಾದ ಡಾಟ್ 3, ಡಾಟ್ 4 ಎರಡೂ ಗಾಳಿಯ ತೇವವನ್ನು ಹೀರಿಕೊಳ್ಳುತ್ತವೆ. ಹೊಸ ಡಾಟ್ 4 ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ಅದಕ್ಕೆ ಶೇ 3.7ರಷ್ಟು ನೀರು ಸೇರಿದರೆ ಈ ಮಿತಿ 155ಕ್ಕೆ ಇಳಿಯುತ್ತದೆ.

ಊರೊಳಗೆ ಓಡಾಡುವಾಗ ಇದು ಗೊತ್ತೇ ಆಗುವುದಿಲ್ಲ. ಚಾರ್ಮಾಡಿ ಘಾಟಿಯನ್ನು ಬ್ರೇಕ್ ಒತ್ತಿಕೊಂಡೇ ಇಳಿದರೆ ಚಕ್ರದ ಹತ್ತಿರದ ಆಯಿಲ್ ಕಾದು ಕುದಿಯಬಹುದು. ಕುದಿದರೆ ಆವಿಯ ಗುಳ್ಳೆ. ಒತ್ತಿದ ಬಲವೆಲ್ಲ ಗುಳ್ಳೆ ಕುಗ್ಗಿಸುವುದರಲ್ಲೇ ಹೋಗಿ, ಪೆಡಲ್ ಸೀದಾ ಕೆಳಗಿಳಿಯುತ್ತದೆ. ತಣ್ಣಗಾದ ಮೇಲೆ ಮತ್ತೆ ಸರಿಯಾಗುವುದೂ ಉಂಟು. ಗ್ಯಾರೇಜಿಗೆ ಹೋದರೆ ‘ಏನೂ ಇಲ್ವಲ್ಲ ಸಾರ್’ ಅನ್ನಿಸಿಕೊಂಡು ಬರುತ್ತೀರಿ!

ಬಹಳಷ್ಟು ಕಾರುಗಳಿಗೆ ಎರಡು ವರ್ಷಕ್ಕೊಮ್ಮೆ ಬದಲಾವಣೆ ಬೇಕು. ನಿಮ್ಮ ಕಾರಿನ ಮ್ಯಾನುಯಲ್ ಹೇಳಿದ್ದೇ ಕೊನೆಯ ಮಾತು. ಡಾಟ್ 5 ಮಾತ್ರ ಬೆರೆಸಬೇಡಿ, ಅದು ಸಿಲಿಕೋನ್, ಜಾತಿಯೇ ಬೇರೆ.

ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ಹೇಗೆ ಬದಲಾಯಿಸುತ್ತಾರೆ? ಬಾನೆಟ್ ಕೆಳಗಿನ ಬ್ರೇಕ್ ಆಯಿಲ್ ಡಬ್ಬಿಯಲ್ಲಿದ್ದಷ್ಟನ್ನು ಸಿರಿಂಜಿನಲ್ಲಿ ಎಳೆದು, ಹೊಸದು ಸುರಿದು ಕೈ ತೊಳೆದುಕೊಳ್ಳುವವರಿದ್ದಾರೆ. ಎಲ್ಲಕ್ಕಿಂತ ಜಾಸ್ತಿ ಕಾಯುವ ಕ್ಯಾಲಿಪರ್‌ನೊಳಗೆ (ಚಕ್ರದ ಬಳಿ ಬ್ರೇಕ್ ಪ್ಯಾಡ್ ಒತ್ತುವ ಭಾಗ) ಹಳೆಯದೇ ಉಳಿಯಿತು, ಅಲ್ವಾ? ನಾಲ್ಕೂ ಚಕ್ರದಲ್ಲಿ ಬ್ಲೀಡ್ ಮಾಡಿಸಿ, ಅಂದರೆ ಹಳೆಯ ಆಯಿಲನ್ನು ಚಕ್ರದ ಕಡೆಯಿಂದಲೇ ಹೊರಗೆ ತೆಗೆಸಿ. ಆಯಿಲ್ ಹೊರಬಿಡಲು ಅಲ್ಲಿರುವ ಸಣ್ಣ ಸ್ಕ್ರೂಗೆ (ಬ್ಲೀಡರ್ ನಿಪ್ಪಲ್) ಪಾರದರ್ಶಕ ಪೈಪ್ ಸಿಕ್ಕಿಸಿ, ಅದರ ತುದಿಯನ್ನು ಬಾಟಲಿಯಲ್ಲಿರುವ ಆಯಿಲ್‌ನಲ್ಲಿ ಮುಳುಗಿಸುತ್ತಾರೆ. ಒಬ್ಬರು ಪೆಡಲ್ ಒತ್ತಿ ಹಿಡಿಯುತ್ತಾರೆ, ಇನ್ನೊಬ್ಬರು ನಿಪ್ಪಲ್ ಸಡಿಲಿಸುತ್ತಾರೆ. ಕಂದು ಬಣ್ಣದ ಆಯಿಲ್ ಹೊರಗೆ ಬರುತ್ತದೆ. ನಿಪ್ಪಲ್ ಬಿಗಿ ಮಾಡಿದ ಮೇಲೇ ಪೆಡಲ್ ಬಿಡಬೇಕು, ಇಲ್ಲದಿದ್ದರೆ ಗಾಳಿ ಒಳಗೆ ಎಳೆದುಕೊಳ್ಳುತ್ತದೆ. ಪೈಪಿನಲ್ಲಿ ಗುಳ್ಳೆ ನಿಂತು, ತಿಳಿಯಾದ ಆಯಿಲ್ ಬರುವವರೆಗೂ ಇದೇ ಕೆಲಸ. ನಡುವೆ ಡಬ್ಬಿ ಖಾಲಿಯಾಗಲು ಬಿಡಬಾರದು. ಯಾವ ಚಕ್ರ ಮೊದಲು ಅನ್ನುವುದು ಕಾರಿನಿಂದ ಕಾರಿಗೆ ಬೇರೆ. ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಕೆಲವು ಕಾರುಗಳಿಗೆ ಸ್ಕ್ಯಾನರ್ (ಕಾರಿನ ಕಂಪ್ಯೂಟರಿಗೆ ಜೋಡಿಸುವ ಉಪಕರಣ) ಕೂಡ ಬೇಕಾಗುತ್ತದೆ.

ಬಾನೆಟ್ ಮೇಲೆ ಆಯಿಲ್ ಚೆಲ್ಲಿದರೆ ತಕ್ಷಣ ನೀರು ಹಾಕಿ ತೊಳೆಸಿ, ಪೇಂಟ್ ಕಿತ್ತುಬರುತ್ತದೆ. ಕಾರು ವಾಪಸ್ ತೆಗೆದುಕೊಳ್ಳುವಾಗ ಎಂಜಿನ್ ಸ್ಟಾರ್ಟ್ ಮಾಡಿ, ನಿಂತಲ್ಲೇ ಪೆಡಲ್ ಒತ್ತಿ ನೋಡಿ. ಸ್ಪಂಜಿನ ಹಾಗೆ ಮೆತ್ತಗಿದ್ದರೆ ಅಲ್ಲೇ ಕೀ ವಾಪಸ್ ಕೊಡಿ.